ನಳ ಬಂದಾವೇನ್ರೀ?

ಬೆಟಗೇರಿಯ ನಮ್ಮ ಓಣಿಯಲ್ಲಿ ‘ಆರಾಮ ಇದ್ದೀರೇನ್ರಿ’ ಅನ್ನುವ ರೂಢಿ ಹೋಗಿ ಬಹಳ ದಿನವಾಯಿತು. ಬಾಜೂಮನಿ ಅಕ್ಕ ಕಂಪೌಂಡಿನ ಮೇಲೆ ಮೊಣಕೈ ಊರಿದಳೆಂದರೆ ಮೊದಲ ಮಾತು, “ನಳ ಬಂದಾವೇನ್ರೀ ಅಣ್ಣಾರ?” ಅವಳ ಮನೆಯ ಕ್ಯಾಲೆಂಡರಿನಲ್ಲಿ ಅಮಾಸಿ, ಹುಣ್ಣಿಮೆಗಿಂತ ಎದ್ದು ಕಾಣುವುದು ನೀರು ಬಿಟ್ಟ ದಿನದ ಕೆಂಪು ಸುತ್ತು. ಎರಡು ಸುತ್ತಿನ ನಡುವೆ ಎಂಟು ದಿನವಿದ್ದರೆ ಸುಗ್ಗಿ, ಹದಿನೈದಾದರೆ ಬರ. ಮಿಲಿಮೀಟರಿನ ಗೊಡವೆ ಅವಳಿಗಿಲ್ಲ.

ನಮ್ಮ ನೀರು ಮುಂಡರಗಿ ತಾಲೂಕಿನ ಹಮ್ಮಿಗಿಯಿಂದ, ತುಂಗಭದ್ರೆಯದು. “ಹೊಳಿ ತುಂಬಿದ್ರ ಪೈಪ್ ಒಡದಿರ್ತೈತಿ, ಪೈಪ್ ನೆಟ್ಟಗಿದ್ರ ಹೊಳಿ ಬತ್ತಿರ್ತೈತಿ. ಎರಡರ ಜಾತಕಾನ ಕೂಡಂಗಿಲ್ಲ ನೋಡ್ರಿ” ಅನ್ನುತ್ತಾಳೆ.

2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಅಂತ ಸರ್ಕಾರ ಸಾರಿದಾಗ ಪೇಪರು ಓದಿ ಹೇಳಿದೆ. ಅಕ್ಕ ತುಸು ಲೆಕ್ಕ ಹಾಕಿ, “ಉಳದ 13 ಯಾವ್ರಿ? ಅಲ್ಲೇ ಒಂದು ಬಾಡಿಗಿ ಮನಿ ನೋಡೂಣು” ಅಂದಳು.

ಮಳೆ ಯಾಕಿಲ್ಲ ಅಂದರೆ ಅವಳ ಯಜಮಾನರು ಕಪ್ಪತಗುಡ್ಡದ ಗಾಳಿ ಫ್ಯಾನುಗಳ ಕಡೆ ಕೈ ತೋರಿಸುತ್ತಾರೆ. ಬಂದ ಮೋಡವನ್ನೆಲ್ಲ ಅವೇ ಓಡಿಸುತ್ತಾವಂತೆ. ಗಾಳಿಗೆ ಫ್ಯಾನು ತಿರುಗುತ್ತದೆ, ಫ್ಯಾನಿನಿಂದ ಗಾಳಿಯಲ್ಲ ಅಂತ ವಾದಿಸಿದೆ. “ಹಂಗಾರ ನಮ್ಮನಿ ಪಡಸಾಲ್ಯಾಗ ತಿರುಗೂದು ಏನ್ರಿ?” ಅಂದರು. ಸೋತೆ.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತಲ್ಲ, ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅಕ್ಕನ ಬೀಗರು ಮಾತ್ರ ಲಕ್ಷ್ಮೇಶ್ವರದಿಂದ ಫೋನು ಹಚ್ಚಿ, “ನಿಮ್ಮಲ್ಲೆ ನಳ ಬಂದ ಮ್ಯಾಲ ಬರ್ತೀವಿ” ಅನ್ನುತ್ತಾರೆ.

ಆ ಬರದ ವರ್ಷ, 2023ರಲ್ಲಿ, ಮಿರಗ ಮಳೆ ಕೈಕೊಟ್ಟಾಗ ಓಣಿಯ ಹುಡುಗರು ಗುರ್ಜಿ ಹೊತ್ತು ಬಂದರು. ರೊಟ್ಟಿ ಹಂಚಿನ ಮೇಲೆ ಸಗಣಿಯ ಗುರ್ಜಿ, ನೆತ್ತಿಗೆ ಗರಿಕೆ. ಮನೆಯವರು ನೀರು ಸುರಿಯಬೇಕು, ಹೊತ್ತವನು ಗರಗರ ತಿರುಗಬೇಕು. ನಳ ಬಂದು ಹನ್ನೊಂದು ದಿನವಾಗಿತ್ತು. ಅಕ್ಕ ಬ್ಯಾರಲಿನ ಮುಚ್ಚಳ ತೆಗೆದು ಇಣುಕಿದಳು, ಮುಚ್ಚಿದಳು, ಮತ್ತೆ ತೆಗೆದಳು. ಕಡೆಗೆ ತುಂಬಿದ ತಂಬಿಗೆ ಹಿಡಿದು ಬಂದು, ಹುಡುಗನ ಭುಜ ಹಿಡಿದು ನಾಕು ಹೆಜ್ಜೆ ಆಚೆ ಸರಿಸಿದಳು.

“ತಮ್ಮಾ, ಅಲ್ಲಿ ಬ್ಯಾಡ. ಈ ಕರಿಬೇವಿನ ಗಿಡದ ಬುಡಕ್ಕ ನಿಂತು ತಿರುಗಪಾ.”