ಅಡ್ಮಿನ್ ಸಾಹೇಬರಿಗೆ ಎಕಂಬಾದಿಂದ ಒಂದು ಬಿನ್ನಹ

ಗೆ,
ಊರೂರ ಹೆಸರಿನ ಪೇಜು ನಡೆಸುವ ಶ್ರೀಮಾನ್ ಅಡ್ಮಿನ್ ಸಾಹೇಬರಿಗೆ,
ಔರಾದ್ ತಾಲೂಕಿನ ಎಕಂಬಾದಿಂದ ಶರಣು ಶರಣಾರ್ಥಿ.

ತಮ್ಮ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ, ನಮ್ಮ ಮನೆಮಂದಿಯ ಮುಖ ಮಾತ್ರ ತಮಗೆ ಚೆನ್ನಾಗಿ ಗೊತ್ತು. ವಿಳಾಸವಿಲ್ಲದವರಿಗೆ ಟಪಾಲು ಹಾಕಲು ಬರುವುದಿಲ್ಲವಾದ್ದರಿಂದ ಈ ಪತ್ರ ಬಹಿರಂಗವಾಗಿದೆ. ಮೊದಲಿಗೆ ತಮ್ಮ ಕಸುಬಿಗೊಂದು ಸಲಾಮು. ಭಾಲ್ಕಿಯ ಯಾವುದೋ ಫಂಕ್ಷನ್ ಹಾಲಿನಲ್ಲಿ ಮದುವೆ ಆಗಿರುತ್ತದೆ. ಮದುಮಗಳು ಗೆಳತಿಯರು ನೋಡಲೆಂದು ಒಂದು ಫೋಟೋ ಸ್ಟೇಟಸ್‌ಗೆ ಹಾಕಿರುತ್ತಾಳೆ. ಹೊತ್ತು ಮುಳುಗುವುದರೊಳಗೆ ಅದರ ಸ್ಕ್ರೀನ್‌ಶಾಟ್ ತಮ್ಮ ಕೈ ಸೇರುತ್ತದೆ. ತಾವು ಮೊದಲು ಮೂಲೆಯಲ್ಲಿರುವ ಸ್ಟುಡಿಯೋದ ಹೆಸರನ್ನು ಕತ್ತರಿಸಿ ಒಗೆಯುತ್ತೀರಿ. ಆಮೇಲೆ ವಧುವಿನ ಸೀರೆಯ ಸೆರಗಿನಿಂದ ವರನ ಪೇಟದವರೆಗೆ ಓರೆಯಾಗಿ ತಮ್ಮ ಪೇಜಿನ ಹೆಸರು ಹಾಕುತ್ತೀರಿ. ಹಿಂದೆ ಒಂದು ಸಿನಿಮಾ ಹಾಡು, ಕೆಳಗೆ ‘ಜೋಡಿ ಹೆಂಗದ, ಕಾಮೆಂಟ್ ಮಾಡ್ರಿ’ ಎಂಬ ಆಹ್ವಾನ. ಎತ್ತಿಕೊಂಡು ಬಂದ ಮಾಲನ್ನು ಮತ್ತೊಬ್ಬರು ಎತ್ತಬಾರದೆಂದು ಅದರ ಮೇಲೆ ತಮ್ಮ ಮುದ್ರೆ ಒತ್ತುವ ಈ ಮುಂಜಾಗ್ರತೆ ಕಂಡು ನಾವು ಬೆರಗಾಗಿದ್ದೇವೆ. ಕಾಮೆಂಟಿನಲ್ಲಿ ಊರವರು ವರನ ಬಣ್ಣದ ಬಗ್ಗೆ, ವಧುವಿನ ವಯಸ್ಸಿನ ಬಗ್ಗೆ, ಎರಡೂ ಮನೆಯ ಜಾತಿಯ ಬಗ್ಗೆ ಮುಕ್ತವಾಗಿ ಚರ್ಚಿಸುತ್ತಾರೆ. ಆ ಚರ್ಚೆಗೆ ಕರೆಯಿಲ್ಲದಿರುವುದು ಮದುಮಕ್ಕಳಿಗೆ ಮಾತ್ರ.

ಈ ಫೋಟೋ ಯಾರದು ಎಂದು ಕೇಳಿದರೆ ತಾವು ‘ನೆಟ್‌ನಲ್ಲಿ ಸಿಕ್ಕಿದ್ದು’ ಎನ್ನುತ್ತೀರಿ. ಕೆಲವೊಮ್ಮೆ ‘ಕೃಪೆ: ಗೂಗಲ್’ ಎಂದು ಬರೆದು ಋಣವನ್ನೂ ತೀರಿಸುತ್ತೀರಿ. ಮದುಮಗಳನ್ನು ಕೇಳಿದರೆ ‘ಮುಖ ನನ್ನದು, ಹಾಗಾಗಿ ಫೋಟೋನೂ ನನ್ನದು’ ಎನ್ನುತ್ತಾಳೆ. 1957ರ ಕೃತಿಸ್ವಾಮ್ಯ ಕಾಯ್ದೆ ಇಬ್ಬರ ಮಾತನ್ನೂ ಒಪ್ಪುವುದಿಲ್ಲ. ಅದರ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದವರು, ಎದುರಿಗೆ ನಿಂತವರಲ್ಲ. ಹುಡುಗಿ ತಾನೇ ಸೆಲ್ಫಿ ತೆಗೆದುಕೊಂಡರೆ ಹಕ್ಕು ಅವಳದು. ಮೊಬೈಲನ್ನು ಗೆಳತಿಯ ಕೈಗೆ ಕೊಟ್ಟು ತೆಗೆಸಿಕೊಂಡರೆ ಗೆಳತಿಯದು. ಆದರೆ ಅದೇ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಒಂದು ಕಿಂಡಿ ಉಂಟು. ದುಡ್ಡು ಕೊಟ್ಟು, ಹೇಳಿ ತೆಗೆಸಿದ ಫೋಟೋ ಮತ್ತು ವಿಡಿಯೋಗೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಹಾಗಾಗಿ ಮದುವೆ ಆಲ್ಬಮ್ಮಿನ ಒಡೆಯರು ಸ್ಟುಡಿಯೋಗೆ ಅಡ್ವಾನ್ಸ್ ಕೊಟ್ಟ ಹುಡುಗಿಯ ಅಪ್ಪ. ಅವರು ಲಿಖಿತ ದೂರು ಕೊಟ್ಟು, ಅದು ಜಾಲತಾಣದವರಿಗೆ ಸರಿ ಕಂಡರೆ, 2013ರ ಕೃತಿಸ್ವಾಮ್ಯ ನಿಯಮಗಳಂತೆ 36 ಗಂಟೆಯೊಳಗೆ ಅದನ್ನು ಮುಚ್ಚಬೇಕು, 21 ದಿನ ಮುಚ್ಚಿಯೇ ಇಡಬೇಕು. ಅಷ್ಟರೊಳಗೆ ಕೋರ್ಟಿನ ಆದೇಶ ತಂದರೆ ಮುಂದಕ್ಕೂ. ಗೊತ್ತಿದ್ದೂ ಕೃತಿಸ್ವಾಮ್ಯ ಮುರಿದವರಿಗೆ 63ನೇ ಸೆಕ್ಷನ್ 6 ತಿಂಗಳಿಂದ 3 ವರ್ಷದ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇಟ್ಟಿದೆ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಎಂದಾದರೆ ನ್ಯಾಯಾಧೀಶರು ಕಾರಣ ಬರೆದು ಶಿಕ್ಷೆ ಇಳಿಸಬಹುದು, ಅಷ್ಟೇ. ಈ ಅಪರಾಧಕ್ಕೆ ಜಾಮೀನು ಸಿಗುವುದು ಹಕ್ಕಲ್ಲ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಒಟ್ಟಿನಲ್ಲಿ ನಮ್ಮ ಕಡೆಯ ಒಬ್ಬ ಹೆಣ್ಣುಮಗಳ ಮುಖಕ್ಕೆ ಇವತ್ತು ಇರುವ ಅತಿ ಗಟ್ಟಿ ಕಾವಲು ಅವಳಪ್ಪನ ಅಂಗಿ ಜೇಬಿನಲ್ಲಿ ಮಡಚಿಟ್ಟ ಸ್ಟುಡಿಯೋ ರಸೀದಿ.

ಮುಖದ ಒಡತಿಯಾಗಿಯೇ ಅವಳು ಕಾನೂನಿನ ಬಾಗಿಲು ತಟ್ಟಿದರೆ ಏನಾಗುತ್ತದೆ? ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್‌ನ ಶಿರೋನಾಮೆ ಖಾಸಗಿತನದ ಉಲ್ಲಂಘನೆ ಎಂದೇ ಇದೆ. ಓದಿ ಖುಷಿಪಡುವಷ್ಟರಲ್ಲಿ ವಿವರಣೆ ಬರುತ್ತದೆ: ಆ ಖಾಸಗಿತನ ದೇಹದ ಕೆಲವು ಅಂಗಗಳದ್ದು, ಅವು ಬೆತ್ತಲೆ ಇರಬೇಕು ಇಲ್ಲವೇ ಒಳ ಉಡುಪಿನಲ್ಲಿರಬೇಕು. ಬೀದರ್‌ನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಲ್ಲಿ ನಡೆದು ದರ್ಶನ ಮಾಡುವ ಪದ್ಧತಿ ಇದೆ. ಹಾಗೆ ದರ್ಶನ ಮುಗಿಸಿ, ಒದ್ದೆ ಸೀರೆಯಲ್ಲಿ ಮೈ ನಡುಗಿಸುತ್ತ ಮೆಟ್ಟಿಲೇರುವ ಹೆಂಗಸನ್ನು ಯಾರಾದರೂ ಚಿತ್ರ ಹಿಡಿದು ಹರಿಬಿಟ್ಟರೆ 66ಇ ತಲೆ ಕೆರೆದುಕೊಳ್ಳುತ್ತದೆ, ಏಕೆಂದರೆ ಸೀರೆ ಮೈಮೇಲೇ ಇದೆ. ಇನ್ನು ಈ ಸೆಕ್ಷನ್ ಹತ್ತಿದರೂ ಗರಿಷ್ಠ 3 ವರ್ಷ ಜೈಲು, 2 ಲಕ್ಷ ದಂಡ ಇಲ್ಲವೇ ಎರಡೂ, ಅದೂ ಜಾಮೀನು ಸಿಗುವ ಅಪರಾಧ. ತಮ್ಮ ಲೆಕ್ಕದ ವಹಿಯಲ್ಲಿ ಬರೆದಿಟ್ಟುಕೊಳ್ಳಿ: ಫೋಟೋವನ್ನು ಆಸ್ತಿಯೆಂದು ಕದ್ದರೆ ಜಾಮೀನಿನ ಖಾತ್ರಿಯಿಲ್ಲ, ಅದರೊಳಗಿನ ಹೆಂಗಸಿನ ಮಾನ ಕಳೆದರೆ ಉಂಟು. ಬಿದ್ರಿ ಹೂಜಿಗೆ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಬೇರೆ ಊರವರು ತಮ್ಮ ಸಾಮಾನಿಗೆ ಬಿದ್ರಿ ಎಂದು ಹೆಸರಿಟ್ಟು ಮಾರುವಂತಿಲ್ಲ. ಕೋಟೆಯ ಮಣ್ಣು ಕಾಯಿಸಿ ಆ ಹೂಜಿಗೆ ಕಪ್ಪು ಬರಿಸುವ ಕೈಕಸುಬಿನವನ ಮುಖಕ್ಕೆ ಅಂಥ ನೋಂದಣಿ ಎಲ್ಲೂ ಇಲ್ಲ.

ಕಾನೂನಿಗೆ ಸರಿಯಾದ ಪ್ರಶ್ನೆ ಗೊತ್ತೇ ಇಲ್ಲ ಎನ್ನುವಂತೆಯೂ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಹೆಂಗಸರ ಖಾಸಗಿ ಕ್ಷಣಗಳನ್ನು ಕದ್ದು ನೋಡುವವರಿಗೆ, ಸೆರೆಹಿಡಿಯುವವರಿಗೆ ಸಂಬಂಧಪಟ್ಟದ್ದು. ಅದರ ಎರಡನೇ ವಿವರಣೆ ಹೀಗೆನ್ನುತ್ತದೆ: ಚಿತ್ರ ತೆಗೆಯಲು ಅವಳು ಒಪ್ಪಿದ್ದಿರಬಹುದು, ಮೂರನೆಯವರಿಗೆ ಹಂಚಲು ಒಪ್ಪಿಲ್ಲದಿದ್ದರೆ ಹಂಚಿದ್ದು ಅಪರಾಧ. ಎಷ್ಟು ಚೊಕ್ಕ ಮಾತು! ತೆಗೆಸಿಕೊಳ್ಳಲು ಕೊಟ್ಟ ಒಪ್ಪಿಗೆ ಬೇರೆ, ಹಂಚಲು ಕೊಡುವ ಒಪ್ಪಿಗೆ ಬೇರೆ ಎಂಬುದನ್ನು ನಮ್ಮ ಸಂಸತ್ತು ಬರೆದುಕೊಂಡೇ ಕೂತಿದೆ. ಆದರೆ ಆ ತಿಳಿವಳಿಕೆಯನ್ನು ಬಟ್ಟೆಯಿಲ್ಲದ ಮೈಗೆ ಮೀಸಲಿಟ್ಟು, ಬಟ್ಟೆ ತೊಟ್ಟು ಬಂದವರಿಗೆ ಬಾಗಿಲು ಹಾಕಿಕೊಂಡಿದೆ. ನಮ್ಮ ತಕರಾರು ಇಷ್ಟೇ, ಸಾಹೇಬರೆ: ಆ ಒಂದು ವಾಕ್ಯವನ್ನು ಸಂಸತ್ತು ಮುಖದವರೆಗೂ ಎಳೆದು ತರಲಿ.

ಎಳೆಯದಿದ್ದರೆ ಏನಾಗುತ್ತದೆ ಎಂಬುದು ಬೆಂಗಳೂರಲ್ಲಿ ಕಂಡಿದೆ. 2025ರ ಮೇ ತಿಂಗಳಲ್ಲಿ ನಮ್ಮ ಮೆಟ್ರೋದಲ್ಲಿ ಕೂತ, ನಿಂತ, ಹತ್ತಿಳಿಯುವ ಹೆಂಗಸರನ್ನು ಗೊತ್ತಾಗದಂತೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಖಾತೆಯೊಂದರ ವಿರುದ್ಧ ಬನಶಂಕರಿ ಠಾಣೆಯವರು ಕೇಸು ಹಾಕಿ ಒಬ್ಬನನ್ನು ಹಿಡಿದರು. ಹಾಕಿದ ಸೆಕ್ಷನ್‌ಗಳು ಎರಡು: ಸಂಹಿತೆಯ 78, ಅಂದರೆ ಹೆಂಗಸಿನ ಬೆನ್ನು ಹತ್ತುವುದು, ಐಟಿ ಕಾಯ್ದೆಯ 67, ಅಂದರೆ ಅಶ್ಲೀಲ ಪ್ರಸಾರ. ಪೊಲೀಸರನ್ನು ದೂರುತ್ತಿಲ್ಲ, ಅವರ ಕೈಯಲ್ಲಿದ್ದ ಕೋಲು ಅದೇ. ಆದರೆ ಆಫೀಸಿಗೆ ಹೊರಟ, ಚೂಡಿದಾರ ತೊಟ್ಟು ಬುತ್ತಿಚೀಲ ಹಿಡಿದ ಹೆಣ್ಣುಮಗಳಿಗೆ 67ರಡಿ ನ್ಯಾಯ ಸಿಗಬೇಕಾದರೆ, ಅವಳ ಚಿತ್ರ ಕಾಮ ಕೆರಳಿಸುವಂಥದ್ದು ಎಂದು ಮೊದಲು ಕೋರ್ಟಿನಲ್ಲಿ ರುಜುವಾತಾಗಬೇಕು. ಅವಳನ್ನು ಹಾಗೆ ನೋಡಿದ್ದೇ ಅಲ್ಲವೇ ಅವನ ತಪ್ಪು? ಕೇಸು ಗೆಲ್ಲಲು ಸರ್ಕಾರವೂ ಅವಳನ್ನು ಅವನ ಕಣ್ಣಿಂದಲೇ ನೋಡಬೇಕಾಗಿದೆ.

ತಮ್ಮ ವಕೀಲರು ಈಗ ಎದ್ದು ನಿಲ್ಲುತ್ತಾರೆಂದು ಬಲ್ಲೆವು. ಅವರ ಮೊದಲ ಮಾತು, ತಾನೇ ಹಾಕಿಕೊಂಡಿದ್ದಾಳಲ್ಲ, ಮತ್ತೇನು ಎಂಬುದು. ಈ ವಾದಕ್ಕೆ ದೊಡ್ಡ ಮನೆಯ ಬೆಂಬಲವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ದಂಡದ ಮೊತ್ತವನ್ನು 250 ಕೋಟಿಯವರೆಗೆ ಏರಿಸಿ ಗುಡುಗಿದ ಕಾಯ್ದೆ. ಅದೇ ಕಾಯ್ದೆ ತನ್ನ 3ನೇ ಸೆಕ್ಷನ್‌ನಲ್ಲಿ, ವ್ಯಕ್ತಿ ತಾನಾಗಿ ಸಾರ್ವಜನಿಕವಾಗಿಸಿದ ದತ್ತಾಂಶ ತನ್ನ ಉಸಾಬರಿ ಅಲ್ಲ ಎಂದು ಕೈತೊಳೆದುಕೊಂಡಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಸಾವಕಾಶ. ಇರಲಿ. ಒಂದು ಕಾಯ್ದೆ ತನ್ನ ಬೇಲಿಯ ಹೊರಗೆ ಬಿಟ್ಟದ್ದೆಲ್ಲ ತಮ್ಮ ಹೊಲವಾಗುವುದಿಲ್ಲ. ಕೃತಿಸ್ವಾಮ್ಯ, ನ್ಯಾಯ ಸಂಹಿತೆ, ಸಂವಿಧಾನ ಆ ಹೊರಗೂ ಇವೆ. ಜೊತೆಗೆ, ನಂಬರು ಇದ್ದವರಷ್ಟೇ ನೋಡುವ, 24 ಗಂಟೆಗೆ ಮಾಯವಾಗುವ ಸ್ಟೇಟಸ್ ಸಾರ್ವಜನಿಕ ಹೇಗಾದೀತು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಅದು ವ್ಯಕ್ತಿಗೆ ಅಂಟಿಕೊಂಡ ಹಕ್ಕು, ಬೀದಿಗಿಳಿದ ಮಾತ್ರಕ್ಕೆ ಕಳಚಿ ಬೀಳುವುದಿಲ್ಲ ಎಂಬ ಮಾತೂ ಆ ತೀರ್ಪಿನಲ್ಲಿದೆ. 2025ರ ಜುಲೈನಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ ತನ್ನನ್ನು ಚಿತ್ರೀಕರಿಸಿ ಹರಿಬಿಟ್ಟದ್ದನ್ನು ಪ್ರಶ್ನಿಸಿದ ಯುವತಿ ವಕೀಲರಿಗಿಂತ ನೇರವಾಗಿ ಇದನ್ನೇ ಹೇಳಿದ್ದಳು: ತನ್ನ ಖಾತೆ ಎಲ್ಲರಿಗೂ ತೆರೆದಿದೆ ಎಂದರೆ ಯಾರು ಬೇಕಾದರೂ ತನ್ನನ್ನು ಚಿತ್ರೀಕರಿಸಬಹುದು ಎಂದಲ್ಲ.

ಎರಡನೇ ಆಕ್ಷೇಪ ಇದಕ್ಕಿಂತ ತೂಕದ್ದು, ಇದನ್ನು ನಗೆಯಾಡಿ ತಳ್ಳುವಂತಿಲ್ಲ. ಎಲ್ಲದಕ್ಕೂ ಒಪ್ಪಿಗೆ ಬೇಕೆಂದರೆ ಔರಾದಿನ ಅಮರೇಶ್ವರ ಜಾತ್ರೆಯ ಒಂದು ಫೋಟೋ ಹಾಕಲು ಸಾವಿರ ಜನರ ಸಹಿ ತರಬೇಕೇ? ಲಂಚಕ್ಕೆ ಕೈ ಚಾಚಿದ ಗುಮಾಸ್ತನಿಂದಲೂ ಅಪ್ಪಣೆ ಪಡೆಯಬೇಕೇ? ಬೇಡ. ಇದಕ್ಕೆ ಉತ್ತರ ಹುಡುಕಿ ನೂರು ವರ್ಷ ದಾಟಿದೆ. ಜರ್ಮನಿಯ ಬಿಸ್ಮಾರ್ಕ್ 1898ರಲ್ಲಿ ತೀರಿಕೊಂಡ ರಾತ್ರಿ ಇಬ್ಬರು ಫೋಟೋಗ್ರಾಫರುಗಳು ಕಿಟಕಿಯಿಂದ ನುಗ್ಗಿ ಹೆಣದ ಚಿತ್ರ ತೆಗೆದರು. ತಮ್ಮ ವಂಶದ ಮೂಲಪುರುಷರೆಂದು ಅವರನ್ನು ನೆನೆಯಬಹುದು. ಮಕ್ಕಳು ಕೋರ್ಟಿಗೆ ಹೋದಾಗ, ಗೆಲ್ಲಿಸಲು ಅಕ್ರಮ ಪ್ರವೇಶದ ನೆಪ ಹುಡುಕಬೇಕಾಯಿತು, ಚಿತ್ರದ ಬಗ್ಗೆ ಕಾನೂನೇ ಇರಲಿಲ್ಲ. ಆ ಕೊರತೆ ತುಂಬಲು 1907ರಲ್ಲಿ ಬಂದ ಕಾಯ್ದೆ, ವ್ಯಕ್ತಿಯ ಚಿತ್ರವನ್ನು ಅವರ ಒಪ್ಪಿಗೆ ಇಲ್ಲದೆ ಹರಡುವಂತಿಲ್ಲ, ಸತ್ತು 10 ವರ್ಷದವರೆಗೆ ಮನೆಯವರ ಒಪ್ಪಿಗೆ ಬೇಕು ಎಂದಿತು. ಜೊತೆಗೇ ಮೆರವಣಿಗೆ, ಸಭೆ, ಹಿನ್ನೆಲೆಯಲ್ಲಿ ಸುಮ್ಮನೆ ಬಂದು ಹೋಗುವ ಜನ, ಸುದ್ದಿಯಲ್ಲಿರುವ ವ್ಯಕ್ತಿ ಇವಕ್ಕೆ ವಿನಾಯಿತಿ ಕೊಟ್ಟಿತು. ತೇರಿನ ಫೋಟೋ ಹಾಕಿ, ಸಂತೋಷ. ತೇರು ಬಿಟ್ಟು, ಬಳೆ ಅಂಗಡಿಯ ಮುಂದೆ ನಿಂತ ಹುಡುಗಿಯ ಮೇಲೆ ಜೂಮ್ ಮಾಡಿ ‘ಯಾರ ಮನಿ ಪೋರಿ’ ಎಂದು ಬರೆದರೆ ಅದು ಜಾತ್ರೆಯ ಚಿತ್ರವಾಗಿ ಉಳಿಯಲಿಲ್ಲ. ಈ ಗೆರೆ ಎಲ್ಲಿದೆ ಎಂದು ತಮ್ಮ ಬೆರಳಿಗೆ ಚೆನ್ನಾಗಿ ಗೊತ್ತು; ಜೂಮ್ ಮಾಡುವುದು ಅದೇ ಬೆರಳಲ್ಲವೇ? ಗುಮಾಸ್ತನ ಬಗ್ಗೆ ಹೇಳುವುದಾದರೆ, ಸರ್ಕಾರಿ ಕರ್ತವ್ಯದಲ್ಲಿ ಮಾಡಿದ್ದಕ್ಕೆ ಖಾಸಗಿತನದ ಹೊದಿಕೆ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1994ರ ರಾಜಗೋಪಾಲ್ ಪ್ರಕರಣದಲ್ಲೇ ಹೇಳಿದೆ.

‘ತೆಗೆಸಬೇಕಿದ್ದರೆ ಡಿಎಂ ಮಾಡಿ’ ಎಂದು ತಾವು ಬಯೋದಲ್ಲಿ ಬರೆದುಕೊಂಡಿದ್ದೀರಿ. ದೊಡ್ಡ ಮನಸ್ಸು. ಆದರೆ ಡಿಎಂ ಮಾಡಲು ಆ ಮದುಮಗಳಿಗೆ ಮೊದಲು ವಿಷಯ ಗೊತ್ತಾಗಬೇಕು. ಸಾಮಾನ್ಯವಾಗಿ ಗೊತ್ತಾಗುವುದು ಅತ್ತೆಯ ಮನೆಯವರ ಮೊಬೈಲಿನಿಂದ, ಅಷ್ಟರಲ್ಲಿ ಫೋಟೋ ದೇಗ್ಲೂರ್, ಉದ್ಗೀರ್ ದಾಟಿ ಮರಾಠಿ ಪೇಜುಗಳಲ್ಲಿ ಬೇರೆ ಹಾಡಿನೊಂದಿಗೆ ಓಡುತ್ತಿರುತ್ತದೆ. ಜಾಲತಾಣದವರ ಗಡಿಯಾರವೂ ಬಟ್ಟೆ ನೋಡಿಯೇ ನಡೆಯುವುದು: 2021ರ ಐಟಿ ನಿಯಮಗಳು ಬಂದಾಗ ಬೆತ್ತಲೆ ಚಿತ್ರಕ್ಕೆ, ಬೇರೆಯವರಂತೆ ನಟಿಸುವ ಖಾತೆಗೆ, ಮುಖ ತಿದ್ದಿದ ಚಿತ್ರಕ್ಕೆ 24 ಗಂಟೆಯ ಗಡುವು ಹಾಕಿದವು, ಸಾದಾ ಮುಖಕ್ಕೆ ಸಾದಾ ದೂರಿನ ಸಾಲು. ಗಡಿ ದಾಟಿದರೆ ಪೊಲೀಸರು ಕೈಚೆಲ್ಲುತ್ತಾರೆಂದು ಮಾತ್ರ ತಿಳಿಯಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಮೊಬೈಲಿನಿಂದ ಕಳಿಸಿ 3 ದಿನದೊಳಗೆ ಸಹಿ ಹಾಕಿ ಬಂದರೂ ನಡೆಯುತ್ತದೆ. ಬೀದರ್‌ನಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಠಾಣೆ ಇದೆ. ಐಟಿ ಕಾಯ್ದೆಯ ಕೇಸನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ, ಹಾಗಾಗಿ ತಮಗೆ ಮರ್ಯಾದೆಗೂ ಕೊರತೆಯಾಗದು.

ಹೊಸ ಕಾನೂನು ಬರುವವರೆಗೆ ನಾವು ಹಳೆಯದರಲ್ಲೇ ಸಂಸಾರ ಮಾಡುತ್ತೇವೆ. ದೂರಿನ ಜೊತೆ ಹೋಗುವುದು ತಮ್ಮ ಪೋಸ್ಟಿನ ಲಿಂಕು, ತಾರೀಖು, ಸ್ಕ್ರೀನ್‌ಶಾಟ್, ಪಕ್ಕದಲ್ಲಿ ರಸೀದಿ, ಮೂಲ ಫೋಟೋ. ತಾವು ಕತ್ತರಿಸಿ ಒಗೆದ ಸ್ಟುಡಿಯೋ ಹೆಸರು ಅದರ ಮೂಲೆಯಲ್ಲಿ ಹಾಗೇ ಇರುತ್ತದೆ, ಗೊತ್ತಿದ್ದೇ ಮಾಡಿದ್ದು ಎನ್ನಲು ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಂತಿ,
ತಮ್ಮ ಪೇಜಿನಲ್ಲಿ ಒಂದಲ್ಲ ಒಂದು ದಿನ ಮುಖ ಕಂಡವರ ಪರವಾಗಿ,
ಎಕಂಬಾ, ಔರಾದ್ ತಾಲೂಕು, ಬೀದರ್ ಜಿಲ್ಲೆ

ತಾ.ಕ.: ಔರಾದ್, ಭಾಲ್ಕಿ, ಬೀದರ್‌ನ ಸ್ಟುಡಿಯೋದವರ ಗಮನಕ್ಕೂ ಒಂದು ಮಾತು. ಬುಕಿಂಗ್ ಫಾರ್ಮಿನ ಬುಡದಲ್ಲಿ ‘ಫೋಟೋಗಳ ಹಕ್ಕು ಸ್ಟುಡಿಯೋದ್ದು’ ಎಂದು ಇರುವೆಯಕ್ಷರದಲ್ಲಿ ಅಚ್ಚು ಹಾಕಿಸಿದ್ದರೆ ಅದೇ ಆ ‘ಬೇರೆ ಕರಾರು’ ಆಗುತ್ತದೆ, 17ನೇ ಸೆಕ್ಷನ್‌ನ ಕಿಂಡಿಯೂ ಮುಚ್ಚುತ್ತದೆ. ಹುಡುಗಿಯ ಅಪ್ಪನವರು ಅಡ್ವಾನ್ಸ್ ಎಣಿಸುವ ಮುನ್ನ ಕನ್ನಡಕ ಹಾಕಿಕೊಂಡು ಆ ಸಾಲನ್ನು ಓದತಕ್ಕದ್ದು, ಇದ್ದರೆ ಪೆನ್ನಿನಿಂದ ಹೊಡೆದುಹಾಕಿ ಇಬ್ಬರೂ ಸಹಿ ಮಾಡತಕ್ಕದ್ದು.