ಅಥಾತೋ ರಜಾಜಿಜ್ಞಾಸಾ

ಇನ್ನು ಮುಂದೆ ರಜೆಯ ವಿಚಾರ. ಉದ್ಯೋಗ, ಮನೆ, ಸಾಲದ ಕಂತು, ಹಾಲಿನವನ ಲೆಕ್ಕ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಆರು ತಿಂಗಳೋ ವರ್ಷವೋ ಊರೂರು ಅಲೆಯಲು ಹೊರಡಬಹುದೇ, ಕೂಡದೇ ಎಂಬ ಸಂಶಯ ನಮ್ಮ ಕಾಲದಲ್ಲಿ, ಅದರಲ್ಲೂ ಭಾನುವಾರ ರಾತ್ರಿ ಒಂಬತ್ತರ ಸುಮಾರಿಗೆ, ಉಲ್ಬಣಿಸುವುದರಿಂದ ಈ ಶಾಸ್ತ್ರ ಆರಂಭವಾಗಿದೆ. ಯಾವ ಶಾಸ್ತ್ರಕ್ಕಾದರೂ ಅನುಬಂಧಗಳು ನಾಲ್ಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯ ಹೇಳಿಯಾಯಿತು. ಪ್ರಯೋಜನ ಇಲ್ಲ, ಇದ್ದರೆ ಅದು ಪ್ರವಾಸವಲ್ಲ, ಟಿಎ ಬಿಲ್ಲು. ಸಂಬಂಧಗಳೆಂದರೆ ಅಪ್ಪ, ಅತ್ತೆ, ಭಾವ, ಅತ್ತಿಗೆ. ಇವರೆಲ್ಲ ಪೂರ್ವಪಕ್ಷದವರು, ಆಮೇಲೆ ಮಾತಾಡುತ್ತಾರೆ. ಉಳಿದವನು ಅಧಿಕಾರಿ. ವೇದಾಂತಕ್ಕೆ ಕೈಹಾಕುವವನಲ್ಲಿ ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಎಂಬ ಸಾಧನ ಚತುಷ್ಟಯ ಇರಬೇಕು. ನಮ್ಮ ಶಾಸ್ತ್ರದ ಚತುಷ್ಟಯ ಬೇರೆ: ಬ್ಯಾಂಕಿನಲ್ಲಿ ಒಂದು ವರ್ಷಕ್ಕಾಗುವಷ್ಟು ದುಡ್ಡು, ತೀರಿದ ಅಥವಾ ಇನ್ನೂ ಮಾಡದ ಗೃಹಸಾಲ, ಗಟ್ಟಿಮುಟ್ಟಾದ ತಂದೆತಾಯಿ, ಅಷ್ಟೇ ಗಟ್ಟಿಮುಟ್ಟಾದ ಮಂಡಿ. ನಾಲ್ಕೂ ಏಕಕಾಲಕ್ಕೆ ಕೂಡಿಬಂದವನು ಈ ಭಾಷ್ಯಕಾರನ ಕಣ್ಣಿಗೆ ಬಿದ್ದಿಲ್ಲ. ದುಡ್ಡು ಒಳಗೆ ಬರುವ ಹೊತ್ತಿಗೆ ಮಂಡಿ ಹೊರಗೆ ಹೋಗಿರುತ್ತದೆ.

ಮೊದಲನೆಯದು ಕಾಶೀಯಾತ್ರಾಧಿಕರಣ. ನಮ್ಮ ಸಮಾಜ ದೀರ್ಘ ಪ್ರವಾಸದ ವೈರಿ ಎಂದು ಕೆಲವರು ದೂರುತ್ತಾರೆ. ಶುದ್ಧ ಅಪವಾದ. ಬ್ರಾಹ್ಮಣರ ಮದುವೆಯಲ್ಲಿ ಮುಹೂರ್ತಕ್ಕೆ ಮುಂಚೆ ಅದಕ್ಕೆಂದೇ ಅರ್ಧ ಗಂಟೆ ಮೀಸಲಿದೆ. ವರ ಪಂಚೆ ಉಟ್ಟು, ಕಣ್ಣಿಗೆ ಕಾಡಿಗೆ ಹಚ್ಚಿಸಿಕೊಂಡು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೋಲು, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು, ನನಗೆ ಸಂಸಾರ ಬೇಡ, ಕಾಶಿಗೆ ಹೊರಟೆ ಎಂದು ಎದ್ದು ನಡೆಯುತ್ತಾನೆ. ಕೊಡೆಯ ಹಿಡಿಯಲ್ಲಿ ಬೆಲೆಚೀಟಿ ಇನ್ನೂ ತೂಗುತ್ತಿರುತ್ತದೆ. ಹೊಸ ಚಪ್ಪಲಿ ಒಂದು ನಂಬರು ದೊಡ್ಡದು. ಮುಂದೆ ಓಲಗದವರು, ಅವರಿಗೂ ಮುಂದೆ ಹಿಮ್ಮುಖವಾಗಿ ನಡೆಯುವ ಫೋಟೊಗ್ರಾಫರು. ಈ ವಿರಕ್ತನ ಮಹಾಪ್ರಸ್ಥಾನ ಕಲ್ಯಾಣ ಮಂಟಪದ ಗೇಟಿನ ಪಕ್ಕ ಜನರೇಟರ್ ಇಟ್ಟಿರುವ ಜಾಗದವರೆಗೆ. ಅಲ್ಲಿಗೆ ಹುಡುಗಿಯ ತಂದೆ ತೆಂಗಿನಕಾಯಿ ಹಿಡಿದು ಬಂದು, ಮಗಳನ್ನು ಕೊಡುತ್ತೇನೆ, ದಯಮಾಡಿ ಹಿಂತಿರುಗಿ ಎನ್ನುತ್ತಾರೆ. ಅವರು ಬರುವುದು ತಡವಾದರೆ ವರ ನಿಂತು ಕಾಯುತ್ತಾನೆ. ಯಾರೂ ತಡೆಯಲಿಲ್ಲವೆಂದು ಮೆಜೆಸ್ಟಿಕ್ಕಿನ ಕಡೆ ನಡೆದೇಬಿಟ್ಟ ವರನ ಉಲ್ಲೇಖ ಎಲ್ಲೂ ಸಿಕ್ಕಿಲ್ಲ. "ಸರ್, ಇನ್ನೊಂದ್ಸಲ ಹೊರಡಿ, ಮಾವನವರು ಫ್ರೇಮಲ್ಲಿ ಬಂದಿಲ್ಲ" ಎಂದು ಫೋಟೊಗ್ರಾಫರು ಹೇಳಿದರೆ ವೈರಾಗ್ಯ ಎರಡನೆಯ ಸಲವೂ ಉದಿಸುತ್ತದೆ.

ಸಿದ್ಧವಾದದ್ದೇನು? ಹೊರಡಲು ಬೇಕಾದ ಕೊಡೆ, ಕೋಲು, ಚಪ್ಪಲಿ ಎಲ್ಲವನ್ನೂ ಒದಗಿಸುವ ಸಮಾಜವೇ ತಡೆಯುವವರನ್ನೂ ಮುಂಚಿತವಾಗಿ ಗೊತ್ತುಮಾಡಿರುತ್ತದೆ. ಆದ್ದರಿಂದ "ಒಂದು ವರ್ಷ ಕೆಲಸ ಬಿಟ್ಟು ತಿರುಗಾಡಿ ಬರೋಣ ಅಂತಿದೀನಿ, ಏನಂತೀಯಾ?" ಎಂದು ಸಿಕ್ಕಸಿಕ್ಕವರನ್ನು ಕೇಳುವವನು ಸಲಹೆ ಹುಡುಕುತ್ತಿದ್ದಾನೆಂದು ತಿಳಿಯಬಾರದು. ಅವನು ಹುಡುಕುತ್ತಿರುವುದು ತೆಂಗಿನಕಾಯಿ ಹಿಡಿದ ಮಾವನನ್ನು.

ಇಲ್ಲೊಂದು ಅವಾಂತರ ಪ್ರಶ್ನೆ. ವಧುವಿಗೇಕೆ ಕಾಶೀಯಾತ್ರೆ ಇಲ್ಲ? ಅವಳು ನಿಜವಾಗಿಯೂ ಹೊರಡುತ್ತಾಳೆ, ಅದಕ್ಕೆ. ಹುಟ್ಟಿದ ಮನೆ, ಬೀದಿ, ಅಡುಗೆಯ ರುಚಿ ಎಲ್ಲ ಬಿಟ್ಟು ಹೊರಟವಳನ್ನು ತಡೆಯಲು ಯಾರೂ ತೆಂಗಿನಕಾಯಿ ತರುವುದಿಲ್ಲ. ಮಡಿಲಕ್ಕಿ ತುಂಬಿ ಕಾರಿನ ಬಾಗಿಲು ಹಾಕುತ್ತಾರೆ. ಭಾಷ್ಯಕಾರರು ಈ ಜಾಗದಲ್ಲಿ ಸಾಮಾನ್ಯವಾಗಿ ಕೆಮ್ಮಿ ಮುಂದಿನ ಸೂತ್ರಕ್ಕೆ ಹೋಗುತ್ತಾರೆ.

ಇನ್ನು ಪ್ರಮಾಣ ವಿಚಾರ. ಹ್ಯೂಯೆನ್ ತ್ಸಾಂಗ್ ಚೀನಾದಿಂದ ಹೊರಟದ್ದು ಕ್ರಿ.ಶ. 629ರಲ್ಲಿ. ದೇಶ ಬಿಡಬಾರದೆಂಬ ರಾಜಾಜ್ಞೆ ಇತ್ತು. ಕದ್ದು ಗಡಿ ದಾಟಿದ. ನಮ್ಮ ಕಡತದ ಭಾಷೆಯಲ್ಲಿ ಇದು ಅನಧಿಕೃತ ಗೈರುಹಾಜರಿ. ನಾಲಂದದಲ್ಲಿ ವರ್ಷಗಟ್ಟಲೆ ಓದಿದ, ಹರ್ಷನ ಆತಿಥ್ಯ ಉಂಡ, ಇಮ್ಮಡಿ ಪುಲಕೇಶಿಯ ರಾಜ್ಯಕ್ಕೂ ಬಂದು ಹೋದ. 645ರಲ್ಲಿ 657 ಗ್ರಂಥಗಳೊಂದಿಗೆ ಊರು ಸೇರುವ ಮುನ್ನ, ದಾರಿಯಲ್ಲಿ ಖೋತಾನಿನಿಂದ ಚಕ್ರವರ್ತಿಗೆ ತಪ್ಪೊಪ್ಪಿಗೆ ಪತ್ರ ಕಳಿಸಿದ. ಇಲಾಖಾ ವಿಚಾರಣೆ ನಡೆಯಲಿಲ್ಲ. ಚಕ್ರವರ್ತಿ ಅವನಿಗೆ ಸರ್ಕಾರಿ ಹುದ್ದೆಯನ್ನೇ ಕೊಡಲು ಬಂದ; ಆತ ಒಲ್ಲೆನೆಂದು ಅನುವಾದಕ್ಕೆ ಕೂತ. ಹದಿನಾರು ವರ್ಷ ಹೇಳದೆ ಕೇಳದೆ ನಾಪತ್ತೆಯಾದವನಿಗೆ ಹುದ್ದೆ ಕೊಡುವ ಪದ್ಧತಿ ಆಮೇಲೆ ನಿಂತುಹೋದದ್ದರಿಂದ ಇದನ್ನು ಪೂರ್ವನಿದರ್ಶನವಾಗಿ ಉಲ್ಲೇಖಿಸಬಾರದು.

ಇಬ್ನ್ ಬತೂತನದು ಇನ್ನೂ ಜಟಿಲ ಪ್ರಕರಣ. 1325ರಲ್ಲಿ ಟ್ಯಾಂಜಿಯರ್‌ನಿಂದ ಹಜ್ ಯಾತ್ರೆಗೆಂದು ಹೊರಟ ಇಪ್ಪತ್ತೊಂದರ ಹುಡುಗ, ಊರಿಗೆ ಮರಳಿದ್ದು 1349ರಲ್ಲಿ. ಇದನ್ನು ದೀರ್ಘ ಪ್ರವಾಸ ಎನ್ನೋಣವೆಂದರೆ ನಡುವೆ ದೆಹಲಿಯಲ್ಲಿ ಮಹಮದ್ ಬಿನ್ ತುಘಲಕನ ಕೈಕೆಳಗೆ ವರ್ಷಗಟ್ಟಲೆ ಖಾಜಿಯಾಗಿ ಸಂಬಳ ಎಣಿಸಿದ್ದಾನೆ. ಆಮೇಲೆ ಸುಲ್ತಾನ ಅವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ. ನಮ್ಮ ಕಚೇರಿಗಳಲ್ಲಿ ಇದಕ್ಕೆ ಓಓಡಿ, ಅಂದರೆ ಅನ್ಯ ಕರ್ತವ್ಯ, ಎನ್ನುತ್ತಾರೆ. ಕಲ್ಲಿಕೋಟೆಯಲ್ಲಿ ಉಡುಗೊರೆಗಳ ಹಡಗು ಸಮುದ್ರದ ಪಾಲಾಯಿತು. ಬರಿಗೈಲಿ ದೆಹಲಿಗೆ ಹೋಗಿ ತುಘಲಕನಿಗೆ ವರದಿ ಒಪ್ಪಿಸುವುದೆಂದರೆ ಏನೆಂದು ಬಲ್ಲವನಾದ್ದರಿಂದ ಆ ಕಡೆ ತಲೆ ಹಾಕಲಿಲ್ಲ. ನಮ್ಮ ಹೊನ್ನಾವರದಲ್ಲಿ ತಂಗಿದ. ಅಲ್ಲಿ ಹೆಣ್ಣುಮಕ್ಕಳ ಶಾಲೆ 13, ಗಂಡುಮಕ್ಕಳದು 23 ಎಂದು ಎಣಿಸಿ ಬರೆದಿಟ್ಟ. ಮಾಲ್ಡೀವ್ಸಿಗೆ ಹೋದರೆ ಅಲ್ಲೂ ಖಾಜಿ ಕೆಲಸ! ಜಗತ್ತನ್ನೆಲ್ಲ ಸುತ್ತಿದರೂ ಕೆಲಸ ಬೆನ್ನು ಬಿಡಲಿಲ್ಲ. ಸಾಹೇಬರಿಗೆ ಮುಖ ತೋರಿಸಲಾಗದ ಸ್ಥಿತಿಯೂ ದೀರ್ಘ ಪ್ರವಾಸಕ್ಕೆ ಸ್ವತಂತ್ರ ಕಾರಣವಾಗಬಲ್ಲದು ಎಂಬುದು ಇಲ್ಲಿಯ ಉಪಸಿದ್ಧಾಂತ.

ಕೇಳಿಯೂ ಹೋದವನಿಲ್ಲವೇ ಎಂದರೆ, ಇದ್ದಾನೆ. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿ 1830ರ ಮೇ ತಿಂಗಳಲ್ಲಿ ದೊರೆಗಳಿಂದ ಕ್ರಮವಾಗಿ ರಜೆ ಪಡೆದು ಕಾಶಿಗೆ ಹೊರಟು, ಹದಿನೈದು ತಿಂಗಳು ಮೀರಿ ತಿರುಗಿ, ಕಂಡದ್ದನ್ನೆಲ್ಲ ತೆಲುಗಿನಲ್ಲಿ ಬರೆದಿಟ್ಟವರು. ಆದರೆ ಜೊತೆಗೆ ಪಲ್ಲಕ್ಕಿ, ಡೇರೆ, ಅಡುಗೆಯವರು, ಬಂಧುಬಳಗ ಎಂದು ನೂರಕ್ಕೆ ಕಡಿಮೆಯಿಲ್ಲದ ಪರಿವಾರ. ಸಂಸಾರವನ್ನು ಬಿಟ್ಟು ಹೋದರೆನ್ನುವಂತಿಲ್ಲ, ಅದನ್ನೇ ಹೊರಿಸಿಕೊಂಡು ಹೋದರು. ಈಗ ಬೆಂಗಳೂರಿನಿಂದ ಭಾರತ್ ಗೌರವ್ ರೈಲು, 2022ರ ನವೆಂಬರಿನಿಂದ, ಒಂದು ವಾರ ಚಿಲ್ಲರೆಯಲ್ಲಿ ಕಾಶಿ ತೋರಿಸಿ ತಂದು ಬಿಡುತ್ತದೆ. ಮುಜರಾಯಿ ಇಲಾಖೆಯಿಂದ ಸಹಾಯಧನ ಬೇರೆ. ಎರಡು ಭಾನುವಾರ ಸೇರಿಸಿಕೊಂಡರೆ ಮೋಕ್ಷ ಸಿಎಲ್‌ನಲ್ಲೇ ಮುಗಿಯುತ್ತದೆ.

ಈಗ ಶಾಸ್ತ್ರದ ಗರ್ಭಗುಡಿಗೆ ಬಂದೆವು: ಗಳಿಕೆ ರಜೆ. ಸರ್ಕಾರಿ ನೌಕರನಿಗೆ ವರ್ಷಕ್ಕೆ 30 ದಿನ ಇಎಲ್, ಖಾತೆಯಲ್ಲಿ ಕೂಡಿಡಬಹುದಾದದ್ದು 300. ಅಂದರೆ ಕೈಹಚ್ಚದೆ ಹತ್ತು ವರ್ಷ ದುಡಿದವನ ಬಳಿ ಹತ್ತು ತಿಂಗಳ ಪ್ರಪಂಚ ಜಮೆಯಾಗಿದೆ. ಅಷ್ಟರಲ್ಲಿ ನರ್ಮದೆಯ ಒಂದು ದಡ ನಡೆದು ಮುಗಿಸಬಹುದು, ಅಥವಾ ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ನಡೆದುಹೋಗಿ ರೈಲಿನಲ್ಲಿ ಬಂದು ಇನ್ನೂ ಒಂದಷ್ಟು ದಿನ ಮನೆಯಲ್ಲಿ ಕಾಲು ನೀವಿಕೊಳ್ಳಬಹುದು. ಅವನು ಏನು ಮಾಡುತ್ತಾನೆ? ನಿವೃತ್ತಿಯ ದಿನ ಮುನ್ನೂರನ್ನೂ ನಗದೀಕರಿಸಿ ಮಹಡಿ ಎಬ್ಬಿಸುತ್ತಾನೆ. ಸರ್ಕಾರವೂ ಇದನ್ನು ಮೆಚ್ಚಿ ಆ ದುಡ್ಡಿಗೆ ಆದಾಯ ತೆರಿಗೆಯೇ ಇಲ್ಲ ಎಂದಿದೆ. ಖಾಸಗಿಯವರಿಗೆ ಈ ವಿನಾಯಿತಿ 3 ಲಕ್ಷದವರೆಗೆ ಮಾತ್ರ ಇತ್ತು. 2023ರಲ್ಲಿ 25 ಲಕ್ಷಕ್ಕೆ ಏರಿತು. ಹೋಗದೆ ಉಳಿದ ಊರುಗಳಿಗೆ ಇಷ್ಟು ಉದಾರವಾದ ದೇಶ ಹೋದ ಊರುಗಳಿಗೆ ಕೊಡುವುದು ಟೋಲ್ ರಸೀದಿ. ಈ ಭಾಷ್ಯಕಾರ ಬಾಡಿಗೆಗಿರುವುದು ಅಂಥದೊಂದು ಮಹಡಿಯಲ್ಲೇ. ಕೆಳಗಿನ ಮನೆಯ ಯಜಮಾನರು ಸಂಜೆ ಮೆಟ್ಟಿಲ ಬಳಿ ಕುಳಿತು ಟಿವಿಯಲ್ಲಿ ಕೇದಾರನಾಥ ನೋಡುತ್ತಾರೆ.

ಅಲೆಯುವುದೇ ವೃತ್ತಿಯಾದವರಿಗೆ ಶಾಸ್ತ್ರ ಕೊಟ್ಟಿರುವ ರಜೆ ತದ್ವಿರುದ್ಧ. ಯತಿಗಳು ಮಳೆಗಾಲದಲ್ಲಿ ಒಂದೆಡೆ ಕೂರಬೇಕು, ಅದು ಚಾತುರ್ಮಾಸ್ಯ. ಅದರಲ್ಲೂ ಪಕ್ಷವನ್ನೇ ಮಾಸವೆಂದೆಣಿಸಿ ಎರಡು ತಿಂಗಳಿಗೆ ಎದ್ದು ಹೊರಡುವ ರೂಢಿಯಿದೆ. ಕೂತವನಿಗೆ ನಡೆಯುವಾಸೆ, ನಡೆಯುವವನಿಗೆ ಕೂರುವುದೇ ಕಷ್ಟ.

ನವ್ಯಮತದವರು, ಅಂದರೆ ಬೆಳ್ಳಂದೂರಿನವರು, ರಾಜೀನಾಮೆ ಕೊಟ್ಟೇ ಹೋಗುತ್ತೇವೆ, ಬುಲೆಟ್ಟಿದೆ, ಲಡಾಖಿದೆ ಎನ್ನುತ್ತಾರೆ. ಒಪ್ಪಿದೆ; ಆದರೆ ಮೊದಲು ತೊಂಬತ್ತು ದಿನದ ನೋಟಿಸ್ ಪೀರಿಯಡ್. ಯುರೋಪಿಗೆ ಹೊರಟವರಿಗೂ ಅದೇ ಸಂಖ್ಯೆ: ಷೆಂಗೆನ್ ವೀಸಾದಲ್ಲಿ 180 ದಿನಗಳಿಗೆ 90 ದಿನ ಮಾತ್ರ ವಾಸ. ಆ ವೀಸಾಕ್ಕೆ ಲಗತ್ತಿಸಬೇಕಾದ ಕಾಗದಗಳಲ್ಲಿ ಮುಖ್ಯವಾದದ್ದು, ಈತ ನಮ್ಮಲ್ಲೇ ಕೆಲಸದಲ್ಲಿದ್ದಾನೆ, ಇಂತಿಷ್ಟು ದಿನ ರಜೆ ಕೊಟ್ಟಿದ್ದೇವೆ ಎಂಬ ಕಂಪನಿಯ ಪತ್ರ. ಕೆಲಸ ಬಿಟ್ಟು ಲೋಕ ಸುತ್ತಲು ಕೆಲಸ ಬಿಟ್ಟಿಲ್ಲವೆಂಬ ರುಜುವಾತು ಬೇಕು! ಮಾಯಾವಾದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಈ ಭಾಷ್ಯಕಾರನಿಗೆ ಹೊಳೆದಿಲ್ಲ.

ಪೂರ್ವಪಕ್ಷದ ಮಾತು ಬಾಕಿ ಇದೆ. "ಮಗುವಿನ ಎಸ್ಸೆಸ್ಸೆಲ್ಸಿ ಮುಗೀಲಿ." "ಗಿಡಕ್ಕೆ ನೀರು ಯಾರು ಹಾಕ್ತಾರೆ?" "ತಿರುಗೋಕೆ ಹೋದವನಿಗೆ ಹೆಣ್ಣು ಯಾರು ಕೊಡ್ತಾರೆ?" ಮೂರನೆಯದಕ್ಕೆ ಕಾಶೀಯಾತ್ರಾಧಿಕರಣದಲ್ಲೇ ಉತ್ತರವಿದೆ, ಹೊರಟವನಿಗೇ ಕೊಡುವುದು. ಉಳಿದೆರಡಕ್ಕೆ ಇಲ್ಲ, ಗಿಡ ಒಣಗುವುದು ಸತ್ಯ.

ಕೊನೆಗೊಂದು ತಾಂತ್ರಿಕ ತೊಡಕು. ಎಲ್ಲ ಆಕ್ಷೇಪಗಳನ್ನೂ ದಾಟಿ ಒಬ್ಬ ನೌಕರ ನರ್ಮದಾ ಪರಿಕ್ರಮಕ್ಕೆ ಹೊರಟನೆಂದೇ ಇಟ್ಟುಕೊಳ್ಳೋಣ. ನದಿಯನ್ನು ದಾಟದೆ, ಸದಾ ಬಲಕ್ಕಿಟ್ಟುಕೊಂಡು ಅಮರಕಂಟಕದಿಂದ ಸಮುದ್ರದವರೆಗೂ ಹೋಗಿ ಇನ್ನೊಂದು ದಡದಲ್ಲಿ ಮರಳಬೇಕು. ಸಂಪ್ರದಾಯದ ಲೆಕ್ಕದಲ್ಲಿ ಮೂರು ವರ್ಷ, ಮೂರು ತಿಂಗಳು, ಹದಿಮೂರು ದಿನ. ಅವನು ಇದ್ದ ಇಎಲ್, ಅರ್ಧ ವೇತನ ರಜೆ, ವೇತನರಹಿತ ಅಸಾಧಾರಣ ರಜೆ ಎಲ್ಲವನ್ನೂ ಹೊಂದಿಸಿ, ಕೇಂದ್ರಸ್ಥಾನ ಬಿಡಲು ಅನುಮತಿ ಕೋರಿ ಅರ್ಜಿ ತುಂಬುತ್ತಾನೆ. ಅದರಲ್ಲೊಂದು ಕಾಲಂ: ರಜೆಯ ಅವಧಿಯಲ್ಲಿನ ವಿಳಾಸ. ಪ್ರಾಮಾಣಿಕನಾದ್ದರಿಂದ "ನದಿ ಬಲಗಡೆ ಇರುವಲ್ಲಿ" ಎಂದು ಬರೆಯುತ್ತಾನೆ. ಗುಮಾಸ್ತರು ಕನ್ನಡಕ ಮೇಲೇರಿಸಿ ಓದುತ್ತಾರೆ, ತಲೆದೂಗುತ್ತಾರೆ, ಅರ್ಜಿಯನ್ನು ತಿರುಗಿಸಿ ಅವನ ಕಡೆಗೇ ತಳ್ಳುತ್ತಾರೆ.

"ಎಲ್ಲಾ ಸರಿಯಿದೆ. ಪಿನ್‌ಕೋಡ್ ಒಂದು ಹಾಕ್ಕೊಡಿ."