ಬಿದ್ದ ಮನಿ, ನಿಂತ ಮನಿ

(ಬನಹಟ್ಟಿ. ಮಣ್ಣಿನ ಮ್ಯಾಳಗಿ ತಗದು ಸ್ಲ್ಯಾಬ್ ಹಾಕಬೇಕಂತ ಹೊಂಟ ನೇಕಾರ ಕಾಕಾ. ಎದುರಿಗೆ ನಗರಸಭೆ ಮೇಜು, ಅದರ ಹಿಂದ ಗುಮಾಸ್ತರು. ಇಂಥಾ ಮೇಜು ಜಮಖಂಡಿ, ಮುಧೋಳ, ಬೀಳಗಿಯೊಳಗೂ ಸಿಗತಾವು. ಬಡಿಗ್ಯಾ ಒಬ್ಬನ ಇರಬೇಕು.)

ಕಾಕಾ: ಸಾಹೇಬ್ರ, ಜಂತಿಗೆ ಗೆದ್ಲ ಹತ್ತೇತ್ರಿ. ಮಳಿ ಬಂದ್ರ ನೀರು ನೆಟ್ಟಗ ಮಗ್ಗದ ಹಾಸಿನ ಮ್ಯಾಲೆ.

ಗುಮಾಸ್ತ: ರಿಪೇರಿನೋ, ಕಟ್ಟಡಾನೋ?

ಕಾಕಾ: ಗ್ವಾಡಿ ಹಂಗ ಇರ್ತಾವ್ರಿ. ಮ್ಯಾಲಿಂದಷ್ಟ ಬದಲಿ.

ಗುಮಾಸ್ತ: ಮಣ್ಣು ತಗದು ಮಣ್ಣು ಹಾಕಿದ್ರ ರಿಪೇರಿ. ಸ್ಲ್ಯಾಬ್ ಅಂದ್ರ ಕಟ್ಟಡ. 1964ರ ಪೌರಸಭೆ ಕಾಯ್ದೆ ಐತಿ. ನಕಾಶೆ, ಇಂಜಿನಿಯರ್ ಸಹಿ, ಕರದ ಪಾವತಿ, ಇ-ಖಾತೆ ಉತಾರ ತರ್ರಿ.

ಕಾಕಾ: ಉತಾರ ಮುತ್ಯಾನ ಹೆಸರಿಲೆ ಐತ್ರಿ.

ಗುಮಾಸ್ತ: ಮುತ್ಯಾನ್ನ ಕರಕೊಂಡ ಬರ್ರಿ.

ಕಾಕಾ: ಅಂವ ತೀರಿ 40 ವರ್ಷಾತ್ರಿ.

ಗುಮಾಸ್ತ: ಮರಣ ದಾಖಲೆ, ವಂಶಾವಳಿ, ಅಣ್ಣತಮ್ಮರ ಒಪ್ಪಿಗೆ.

ಕಾಕಾ: ಅಣ್ಣತಮ್ಮರು ಒಪ್ಪೋರಿದ್ರ ಮನ್ಯಾಗ ನಡು ಗ್ವಾಡಿ ಯಾಕ್ರಿ ಏಳತಿತ್ತು?

ಗುಮಾಸ್ತ (ದನಿ ತಗ್ಗಿಸಿ): 2019ರಾಗ ಹೊಳಿ ಬಂದು ಪೂರ್ತಿ ಬಿದ್ದ ಮನಿಗೆ ಸರಕಾರ 5 ಲಕ್ಷ ಕೊಡ್ತು. ನಿಮ್ಮದ್ಯಾಕ ಬೀಳಲಿಲ್ಲ?

ಕಾಕಾ: ನಮ್ಮ ಓಣಿಗೆ ಹೊಳಿ ಬರಲಿಲ್ರಿ. ಕೃಷ್ಣವ್ವಗೂ ಅರ್ಜಿ ಕೊಡಬೇಕಿತ್ತೇನೋ.

ಗುಮಾಸ್ತ: ನೋಡ್ರಿ, ಬಿದ್ದ ಮನಿಗೆ ಪಂಚನಾಮೆ. ನಿಂತ ಮನಿಗೆ ಪರವಾನಗಿ.

ಕಾಕಾ: ಹಂಗಾರ ನಾನ ಬೀಳಸ್ತೀನಿ. ಅದಕ್ಕೂ ಪರವಾನಗಿ ಬೇಕೇನ್ರಿ?

ಗುಮಾಸ್ತ: ಅದು ಬ್ಯಾರೆ ಫಾರ್ಮು. ನಾಳೆ ಬರ್ರಿ. ಆ ಫಾರ್ಮಿನ ಸಾಹೇಬ್ರು ಇವತ್ತ ರಜಾ ಅದಾರ. ಅವರ ಮನಿ ಸ್ಲ್ಯಾಬ್ ಐತಿ.